ಕಿವಿ ಮೇಸ್ತ್ರಿಯ ಸ್ಕ್ರೂಡ್ರೈವರ್

ನನ್ನ ಭಾವನಿಗೆ ಊರವರು ಇಟ್ಟ ಹೆಸರು ಕಿವಿ ಮೇಸ್ತ್ರಿ. ಹೆತ್ತವರು ಇಟ್ಟ ಹೆಸರು ಏನೆಂದು ಕೇಳಿದರೆ ನನ್ನ ಅಕ್ಕನೂ ಒಂದು ಕ್ಷಣ ಯೋಚಿಸಬೇಕು. ಹಳೆಯ ಗಾಡಿಗಳ ರಿಪೇರಿಯಲ್ಲಿ ಅವರದು ಎತ್ತಿದ ಕೈ. ಅವರ ಹತ್ತಿರ ಮರದ ಹಿಡಿಯ, ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇದೆ. ಓಡುತ್ತಿರುವ ಎಂಜಿನ್ನಿಗೆ ಅದರ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಇಂಥದ್ದು ಸವೆದಿದೆ ಎಂದರೆ ಅದೇ ಸವೆದಿರುತ್ತಿತ್ತು. ಪಕ್ಕದಲ್ಲೇ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡು ಕೂತ ನನಗೆ ಇದರಿಂದ ಯಾವ ಲಾಭವೂ ಇರಲಿಲ್ಲ. ಬೇರೆ ಮೇಸ್ತ್ರಿಗಳು ಅಂದಾಜಿನ ಮೇಲೆ ನಾಲ್ಕು ಸಾಮಾನು ಬದಲಾಯಿಸುವ ಕಡೆ ಇವರು ಒಂದು ವಾಷರ್ ಕೇಳಿಕೊಂಡು ಬರುವರು.

ಆ ಕಿವಿ ಹೋಯಿತು. ಒಂದೇ ಸಲ ಹೋಗಲಿಲ್ಲ, ಹಳೇ ಟೈರಿನ ಗಾಳಿಯಂತೆ ಇಳಿಯುತ್ತಾ ಹೋಯಿತು. ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಕಿವುಡರು ಜೋರಾಗಿ ಮಾತಾಡುತ್ತಾರೆ ಅಂತ ನಾವೆಲ್ಲ ನಂಬಿದ್ದೆವು. ಭಾವ ಮೊದಲಿಗಿಂತ ಮೆಲ್ಲಗೆ ಮಾತಾಡತೊಡಗಿದ್ದರು. ತಮ್ಮ ದನಿ ತಮಗೇ ತಲೆಯೊಳಗೆ ಗುಂಯ್‌ಗುಡುತ್ತಂತೆ. "ರಸ್ಕ್ ಕಡಿದ್ರೆ ತಲೆ ಒಳಗೆ ಜಲ್ಲಿ ಸುರಿದ ಹಾಗಾಗತ್ತೆ ಕಣೋ, ಹೊರಗಿಂದು ಮಾತ್ರ ಏನೂ ಇಲ್ಲ" ಎಂದು ಒಮ್ಮೆ ನನ್ನೊಬ್ಬನ ಹತ್ತಿರ ಬಾಯಿ ಬಿಟ್ಟಿದ್ದರು. ಗಿರಾಕಿಗಳಿಗೆ ಹೇಳುವ ಹಾಗಿರಲಿಲ್ಲ. ಕಿವಿ ಮೇಸ್ತ್ರಿಗೆ ಕಿವಿಯೇ ಇಲ್ಲವೆಂದು ಗೊತ್ತಾದರೆ ಗಾಡಿ ಯಾರು ತರುತ್ತಾರೆ? ಹಾಗಾಗಿ ಸ್ಕ್ರೂಡ್ರೈವರನ್ನು ಕಿವಿಗಿಟ್ಟು ತಲೆಯಾಡಿಸುವ ನಾಟಕ ಮುಂದುವರಿಯಿತು. ಗಿರಾಕಿ ಅತ್ತ ಹೋದ ಮೇಲೆ ಮೀಟರು ಹಚ್ಚಿ, ಬಿಚ್ಚಿ ನೋಡಿ, ಇದ್ದ ಬುದ್ಧಿಯನ್ನೆಲ್ಲ ಖರ್ಚು ಮಾಡಿ ದೋಷ ಹುಡುಕುವರು. ಕಿವಿಗೆ ಹಾಕುವ ಯಂತ್ರವೊಂದನ್ನು ತಂದದ್ದೂ ಆಯಿತು. ಗ್ಯಾರೇಜಿನಲ್ಲಿ ಸುತ್ತಿಗೆ ಬಿದ್ದರೆ ತಲೆ ಸಿಡಿಯುತ್ತೆ ಎಂದು ತೆಗೆದಿಟ್ಟರು. ಅದು ಈಗಲೂ ವಾಷರುಗಳ ಡಬ್ಬಿಯಲ್ಲಿದೆ.

ಅಕ್ಕನ ಕಥೆ ಬೇರೆ. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ನಡುವೆ ಒಂದು ಕಿಟಕಿ. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಬಟ್ಟೆ ಜೋಡಿಸುವಾಗ ಅವಳು ಬಾಯಿ ಮುಚ್ಚಿಯೇ ಏನನ್ನೋ ಗುನುಗುತ್ತಿದ್ದಳು. ಪದವಿಲ್ಲ, ಅವಳೇ ಕಟ್ಟಿಕೊಂಡ ರಾಗ. ಮದುವೆಯಾದ ಹೊಸತರಲ್ಲಿ ಭಾವ ಓಡುತ್ತಿದ್ದ ಎಂಜಿನ್ ಆರಿಸಿ, "ಸ್ವಲ್ಪ ತಣ್ಣಗಾಗ್ಲಿ" ಎಂದು ಗಿರಾಕಿಗೆ ಸುಳ್ಳು ಹೇಳಿ, ಕಿಟಕಿಯ ಪಕ್ಕ ಕೂತು ಅದನ್ನು ಕೇಳುತ್ತಿದ್ದರು. ನಾನು ಕಣ್ಣಾರೆ ಕಂಡಿದ್ದೇನೆ.

ಕಿವಿ ಹೋದದ್ದು ಅಕ್ಕನಿಗೆ ಗೊತ್ತಾದ ಬಗೆ ಹೀಗೆ. ಏನು ಹೇಳಿದರೂ ಭಾವ "ಹೂಂ" ಎನ್ನುತ್ತಿದ್ದರು. ಗ್ಯಾಸ್ ಖಾಲಿ ಎಂದರೂ ಹೂಂ, ಜ್ವರ ಬಂದಿದೆ ಎಂದರೂ ಹೂಂ. ತನ್ನನ್ನು ಅಲಕ್ಷ್ಯ ಮಾಡುತ್ತಿದ್ದಾರೆಂದು ಅವಳು ಕುದಿಯುತ್ತಿದ್ದಳು. ಒಂದು ದಿನ ಪರೀಕ್ಷೆಗೆಂದೇ ಬೆನ್ನ ಹಿಂದೆ ನಿಂತು, "ನಾನು ಮನೆ ಬಿಟ್ಟು ಹೋಗ್ತಿದೀನಿ" ಅಂದಳು. "ಹೂಂ, ಆಗ್ಲಿ" ಎಂದರು ಭಾವ. ನಗಬೇಕೋ ಅಳಬೇಕೋ ಗೊತ್ತಾಗದೆ ಅವಳು ನನ್ನ ಅಂಗಡಿಗೆ ಬಂದು ಕೂತಳು.

"ಗೋಡೆ ಹತ್ರ ಆದ್ರೂ ಮಾತಾಡಬಹುದು ಕಣೋ," ಅಂದಳು. "ಕೇಳಿಸ್ತು ಅಂತ ಅದು ನಟನೆ ಮಾಡಲ್ಲ."

"ಜೋರಾಗಿ ಹೇಳಕ್ಕ."

"ಅಕ್ಕಿ ತನ್ನಿ ಅಂತ ಕೂಗಬಹುದು. ಎಲ್ಲಾನೂ ಕೂಗಿ ಹೇಳಕ್ಕಾಗತ್ತಾ?"

ಅಲ್ಲಿಂದ ಆ ಮನೆಯಲ್ಲಿ ಮಾತು ಕೈಸನ್ನೆಗೆ ಇಳಿಯಿತು. ಊಟಕ್ಕೊಂದು ಸನ್ನೆ, ಬೀಗಕ್ಕೊಂದು ಸನ್ನೆ. ಗುನುಗುವುದನ್ನು ಅಕ್ಕ ನಿಲ್ಲಿಸಿಬಿಟ್ಟಳು. ಭಾವ ಮಾತ್ರ ಕಿಟಕಿಯನ್ನು ಮುಚ್ಚಲಿಲ್ಲ. ಚಳಿಯಿರಲಿ, ಧೂಳಿರಲಿ, ಅದು ತೆರೆದೇ ಇರಬೇಕು. ಆಗಾಗ ನನ್ನ ತುಟಿಯನ್ನೇ ನೋಡುತ್ತಾ ಕೇಳುವರು: "ಅವಳು ಈಗ್ಲೂ ಗುನುಗ್ತಾಳಾ?" ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಬೇರೇನು ಮಾಡಲಿ? ಎಂಜಿನ್ ಸದ್ದು ಹೋದದ್ದಕ್ಕೆ ಆ ಮನುಷ್ಯ ಒಂದು ಹನಿ ಕಣ್ಣೀರು ಹಾಕಿದವರಲ್ಲ. ಈ ಒಂದು ಗುನುಗಿಗಾಗಿ ಹಂಬಲಿಸಿ ಹಂಬಲಿಸಿ ಬಡವಾಗಿದ್ದರು.

ಹೀಗಿರುವಾಗ ಬೇಕರಿಯಮ್ಮ ತನ್ನ ಹಳೇ ಡೀಸೆಲ್ ವ್ಯಾನು ತಂದು ನಿಲ್ಲಿಸಿದಳು. ಅವಳಪ್ಪನ ಕಾಲದ ಗಾಡಿ. ಬಾಗಿಲು ತೆಗೆದರೆ ಬ್ರೆಡ್ಡಿನ ವಾಸನೆ.

"ಆಯಿಲ್ ಪ್ರೆಶರ್ ಮುಳ್ಳು ಬಿದ್ದೋಗತ್ತೆ ಮೇಸ್ತ್ರಿ. ಬೆಳಿಗ್ಗೆ ಸರಿಯಾಗೇ ಇರತ್ತೆ. ಬಿಸಿಯಾಗಿ ಸಿಗ್ನಲ್‌ನಲ್ಲಿ ನಿಂತ್ರೆ ಸೊನ್ನೆಗೆ ಬಂದು ಮಲಗತ್ತೆ. ಎಂಜಿನ್ ಇಳಿಸಬೇಕು ಅಂದ್ರೆ ಈಗ್ಲೇ ಹೇಳಿಬಿಡಿ, ಗುಜರಿಗೆ ಹಾಕ್ತೀನಿ. ಅಪ್ಪನ ಗಾಡಿ ಹೊಟ್ಟೆ ಬಗೆಯೋದು ನನಗೆ ನೋಡಕ್ಕಾಗಲ್ಲ."

ಭಾವ ಕಡ್ಡಿ ಎಳೆದು ನೋಡಿದರು, ಆಯಿಲ್ ಮಟ್ಟ ಸರಿಯಿತ್ತು. ಬೆರಳಲ್ಲಿ ತಿಕ್ಕಿ ಮೂಸಿದರು, ಡೀಸೆಲ್ ಬೆರೆತು ತೆಳುವಾಗಿರಲಿಲ್ಲ. ಮುಳ್ಳೇ ಸುಳ್ಳು ಹೇಳುತ್ತಿರಬಹುದೆಂದು ಎಂಜಿನ್ನಿನ ಪಕ್ಕದ ಸೆನ್ಸರ್ ಬಿಚ್ಚಿ, ಆ ತೂತಿಗೆ ತಮ್ಮ ಸ್ವಂತ ಗೇಜು ತಿರುಗಿಸಿದರು. ಎಂಜಿನ್ ಬಿಸಿಯಾಗುತ್ತಿದ್ದಂತೆ ಅದರ ಮುಳ್ಳೂ ಮಲಗಿತು. ಅಲ್ಲಿಗೆ ಒತ್ತಡ ಇಲ್ಲದಿರುವುದು ನಿಜ. ಇನ್ನು ಎರಡೇ ದಾರಿ. ಒಂದೋ, ಆಯಿಲನ್ನು ಮೇಲೆ ತಳ್ಳುವ ಪಂಪಿನಲ್ಲಿ ಏನೋ ಆಗಿದೆ, ಎಂಜಿನ್ನಿನ ಕೆಳಗಿನ ಆಯಿಲ್ ತಟ್ಟೆ ಇಳಿಸಿದರೆ ಸಾಕು. ಇಲ್ಲವೇ ಒಳಗೆ ಬೇರಿಂಗುಗಳು ಸವೆದು ಆಯಿಲ್ ಸಂದಿಯಲ್ಲೇ ಸೋರಿಹೋಗುತ್ತಿದೆ, ಆಗ ಇಡೀ ಎಂಜಿನ್ ಇಳಿಸಬೇಕು. ಬೇರಿಂಗ್ ಹೋಗಿದ್ದರೆ ಆಳದಲ್ಲಿ ಡಬ್ ಡಬ್ ಎಂಬ ಪೆಟ್ಟು ಕೇಳುತ್ತದೆ. ಮೊದಲಿನ ಭಾವನಿಗೆ ಇದು ಬೀಡಿ ಹಚ್ಚುವಷ್ಟು ಹೊತ್ತಿನ ಕೆಲಸ.

ಬೇಕರಿಯಮ್ಮನ ಎದುರು ನಾಟಕ ನಡೆಯಿತು. ಕಿವಿಗೆ ಸ್ಕ್ರೂಡ್ರೈವರ್, ಮುಚ್ಚಿದ ಕಣ್ಣು. ಮುಖದಲ್ಲಿ ಬೆವರಿಳಿಯಿತು. ಆಮೇಲೆ ನನ್ನನ್ನು ಕರೆದು, "ನೀನು ಕೇಳು" ಎಂದು ಪಿಸುಗುಟ್ಟಿದರು. ನಾನು ಕೇಳಿದೆ. ನನಗೆ ಕೇಳಿಸಿದ್ದು ಗಡಗಡ. ನನ್ನ ಕಿವಿಗೆ ಎಲ್ಲ ಎಂಜಿನ್ನೂ ಗಡಗಡವೇ. ಕೈ ತಿರುಗಿಸಿ ತೋರಿಸಿದೆ. ಭಾವನ ಮುಖ ಸೋತುಹೋಯಿತು. ಪರೀಕ್ಷೆಯಲ್ಲಿ ಫೇಲಾದ ಮಕ್ಕಳೂ ಹಾಗೆ ನಿಲ್ಲುವುದಿಲ್ಲ.

ಮತ್ತೊಮ್ಮೆ ಕಣ್ಣಿನಿಂದಲಾದರೂ ನೋಡೋಣವೆಂದು ಬಾನೆಟ್ಟಿನೊಳಗೆ ಬಾಗಿದರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ವೇಗ ಏರಿಸುವ ತಂತಿ. ಸ್ಕ್ರೂಡ್ರೈವರಿಗೆ ಜಾಗವಿಲ್ಲದೆ ಅದರ ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡರು. ಇನ್ನಷ್ಟು ಬಾಗಿದಾಗ ತುದಿ ಎಂಜಿನ್ನಿಗೆ ತಾಗಿತು.

ಭಾವ ಕಲ್ಲಾದರು. ಕರೆಂಟು ಹೊಡೆಯಿತೆಂದು ನಾನು ಓಡಿದೆ. ಅವರು ಕೈಯೆತ್ತಿ ನನ್ನನ್ನು ತಡೆದರು. ತುದಿಯನ್ನು ನಿಧಾನವಾಗಿ ಕೆಳಗೆ ಸರಿಸಿದರು, ಪಕ್ಕಕ್ಕೆ, ಇನ್ನೂ ಕೆಳಗೆ. ವೇಗ ಏರಿಸಿದರು, ಇಳಿಸಿದರು. ಹಲ್ಲುಗಳ ನಡುವೆ ಮರದ ಹಿಡಿ, ಕಣ್ಣಲ್ಲಿ ದಳದಳ ನೀರು.

ಹಿಡಿ ತೆಗೆದು ಅವರು ಮೊದಲು ಹೇಳಿದ್ದು: "ಡಬ್ ಡಬ್ ಇಲ್ಲ ಕಣೋ. ಬೇರಿಂಗ್ ಗಟ್ಟಿ ಇದೆ."

"ಅಂದ್ರೆ? ಕೇಳಿಸ್ತಾ?"

ಅವರು ನನ್ನನ್ನು ನೋಡಲೇ ಇಲ್ಲ. ಗಾಡಿ ಆರಿಸಿ, ಆಯಿಲ್ ಬಸಿದು, ಕೆಳಗಿನ ತಟ್ಟೆ ಇಳಿಸಿದರು. ಪಂಪಿನಲ್ಲೊಂದು ಪುಟ್ಟ ಬಾಗಿಲಿರುತ್ತದೆ, ಒತ್ತಡ ಹೆಚ್ಚಾದಾಗ ಮಾತ್ರ ತೆರೆದುಕೊಳ್ಳುವ ವಾಲ್ವು. ಹಿಂದೆ ಯಾರೋ ತಟ್ಟೆಯ ಅಂಚಿಗೆ ಧಾರಾಳವಾಗಿ ಮೆತ್ತಿದ್ದ ಗಮ್ಮು ಒಣಗಿ, ಅದರ ಚೂರೊಂದು ಅಲ್ಲಿ ಸಿಕ್ಕಿಕೊಂಡು ಬಾಗಿಲು ಅರ್ಧ ತೆರೆದೇ ನಿಂತಿತ್ತು. ಉಗುರಿನಷ್ಟು ಚೂರು. ತೆಗೆದು, ತೊಳೆದು, ಮುಚ್ಚಿ, ಹೊಸ ಆಯಿಲ್ ತುಂಬಿದರು. ಬಿಸಿಯಾದ ಮೇಲೂ ಮುಳ್ಳು ಎದ್ದೇ ನಿಂತಿತು. ಬೇಕರಿಯಮ್ಮ ವ್ಯಾನಿನ ಬಾಗಿಲನ್ನು ಮಗುವಿನ ಬೆನ್ನು ತಟ್ಟಿದಂತೆ ತಟ್ಟಿ, ನಮಗೆ ಒಂದು ಪೊಟ್ಟಣ ರಸ್ಕ್ ಕೊಟ್ಟು ಹೋದಳು.

ಅವಳು ಹೋಗಿದ್ದೇ ತಡ, ಭಾವ ಸ್ಕ್ರೂಡ್ರೈವರನ್ನು ಮತ್ತೆ ಹಲ್ಲಿಗೆ ಕಚ್ಚಿದರು. ಗಾಳಿ ತುಂಬುವ ಯಂತ್ರಕ್ಕೆ ತಾಗಿಸಿದರು. ನನ್ನ ರೇಡಿಯೋಗೆ ತಾಗಿಸಿದರು, ನಕ್ಕರು. ರಸ್ಕಿನ ಸದ್ದು ಬರುವ ದಾರಿಯಲ್ಲೇ, ಹಲ್ಲಿನ ಮೂಲಕ, ಹಾಡು ತಲೆಯೊಳಗೆ ಬರುತ್ತಿತ್ತಂತೆ. ತಗಡಿನ ಬಾಗಿಲಿಗೆ ತಾಗಿಸಿ ನನಗೆ ಬಡಿಯಲು ಹೇಳಿದರು. ತಲೆ ಕೆಟ್ಟಿತೇನೋ ಎಂದು ನಾನು ಹೆದರಿದೆ. ಕೊನೆಗೆ ಅದನ್ನು ಕಚ್ಚಿಕೊಂಡೇ ಹಿಂದಿನ ಕೋಣೆಗೆ ನಡೆದರು. ನಾನು ಬೆನ್ನು ಹತ್ತಿದೆ.

ಅಕ್ಕ ಗುಂಡುಸೂಜಿಗಳನ್ನು ತುಟಿಯಲ್ಲಿಟ್ಟುಕೊಂಡು ಬಟ್ಟೆ ಜೋಡಿಸುತ್ತಿದ್ದಳು. ಗಂಡ ಕೋರೆಹಲ್ಲಿನವನಂತೆ ಬರುವುದನ್ನು ಕಂಡು ಸೂಜಿಗಳನ್ನು ಉಗುಳಿಯೇಬಿಟ್ಟಳು. ಕೈಸನ್ನೆ ಮಾಡಿ ಏನೆಂದು ಕೇಳಿದಳು. ಭಾವ ಅವಳ ಹಣೆಯನ್ನು ನೋಡಿದರು, ಸ್ಕ್ರೂಡ್ರೈವರಿನ ಮೊನೆಯನ್ನು ನೋಡಿದರು, ನಾಚಿಕೊಂಡು ಅದನ್ನು ಕಿಟಕಿಯ ಮೇಲಿಟ್ಟರು. ಆಮೇಲೆ ಅವಳ ಎದುರು ಮಂಡಿಯೂರಿ, ಎರಡೂ ಕೈಯಿಂದ ಅವಳ ತಲೆ ಹಿಡಿದು, ತಮ್ಮ ಹಣೆಯನ್ನು ಅವಳ ಹಣೆಗೆ ಒತ್ತಿ ಕಣ್ಣು ಮುಚ್ಚಿದರು.

"ಏನ್ರೀ ಇದು," ಅಕ್ಕ ನಾಚಿಕೆಯಿಂದ ಗೊಣಗಿದಳು, "ತಮ್ಮ ನಿಂತಿದಾನೆ."

"ನಿಂತಿರ್ಲಿ ಬಿಡು" ಎಂದರು ಭಾವ.

ಅಕ್ಕ ಉಸಿರು ಹಿಡಿದಳು. ಅವಳು ಕೂಗಿರಲಿಲ್ಲ. ಅವಳ ತುಟಿ ಭಾವನಿಗೆ ಕಾಣುತ್ತಿರಲಿಲ್ಲ.

"ಕೇಳಿಸ್ತಾ?" ಇನ್ನೂ ಮೆಲ್ಲಗೆ ಕೇಳಿದಳು.

"ಕೇಳಿಸ್ತು. ಗುನುಗು."

"ಬಿಟ್ಟು ಎಷ್ಟೋ ಕಾಲ ಆಯ್ತು."

"ಗೊತ್ತು. ನಿನ್ನ ತಮ್ಮನಿಗೆ ಸುಳ್ಳು ಹೇಳಕ್ಕೆ ಬರಲ್ಲ."

ಅಕ್ಕ ಮಡಿಲಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ತುಟಿ ಮುಚ್ಚಿದಳು.

ಅವಳು ಶುರು ಮಾಡಿದಳೆಂದು ನಾನು ಹೇಗೆ ಹೇಳಲಿ? ಎರಡು ಕಿವಿಯೂ ಸರಿಯಿರುವ ನನಗೆ, ಮೂರು ಹೆಜ್ಜೆ ಆಚೆ ನಿಂತವನಿಗೆ, ಏನೂ ಕೇಳಿಸಲಿಲ್ಲ. ಗ್ರೀಸು ಹತ್ತಿದ ಭಾವನ ಹೆಬ್ಬೆರಳು ಮಾತ್ರ ಅಕ್ಕನ ಕೆನ್ನೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು.