ಮುಚ್ಚದೆ ಉಳಿದ ಬೆಳಕಿಂಡಿ

ಪಾತ್ರೆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರ ಬಾಯಲ್ಲೂ ‘ಕಣ್ಣಿನ ಡಾಕ್ಟ್ರು’. ರೋಬೋಟಿನ ಕ್ಯಾಮೆರಾ ನೋಡಿಕೊಳ್ಳುವುದು ಅವಳ ಕೆಲಸ. ತಾಯಿಯಿಲ್ಲದ ಅವಳನ್ನು ಸಾಕಿ ಓದಿಸಿದ ಚಿಕ್ಕಮ್ಮ ಅಲ್ಲಿಯೇ ಪ್ಯಾಕಿಂಗ್ ಮೇಜಿನಲ್ಲಿದ್ದಳು.

ಹೊಸ ರೋಬೋಟು ಬೆಳಗ್ಗೆಯೆಲ್ಲ ಸ್ಟೀಲ್ ಮುಚ್ಚಳಗಳನ್ನು ಚಕಚಕನೆ ಎತ್ತಿಡುತ್ತಿತ್ತು. ಮಧ್ಯಾಹ್ನ ಚಾವಣಿಯ ಬೆಳಕಿಂಡಿಯಿಂದ ಬಿಸಿಲು ಬಿದ್ದದ್ದೇ ತಡ, ಮುಚ್ಚಳಗಳು ಫಳ್ಳನೆ ಹೊಳೆದು ಕ್ಯಾಮೆರಾಗೆ ಬರೀ ಬಿಳುಪು ಕಾಣುತ್ತಿತ್ತು. ರೋಬೋಟಿನ ಕೈ ಗಾಳಿಯನ್ನು ಹಿಡಿದು, ಅದನ್ನೇ ಜೋಪಾನವಾಗಿ ಪೆಟ್ಟಿಗೆಗೆ ಇಳಿಸುತ್ತಿತ್ತು. ಪ್ಯಾಕಿಂಗಿನವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಮ್ಯಾನೇಜರು ನಗಲಿಲ್ಲ. “ಬೆಳಕಿಂಡಿಗೆ ತಗಡು ಹೊಡೆಸಿಬಿಡೋಣ.”

ನಗು ಗಪ್ಪನೆ ನಿಂತಿತು. ದಿನವಿಡೀ ತಲೆ ಬಗ್ಗಿಸಿ ಮುಚ್ಚಳ ಒರೆಸುವವರಿಗೆ ಅದೊಂದೇ ಆಕಾಶ.

“ಅದರ ಕಣ್ಣು ಕುಕ್ಕುತ್ತೆ ಅಂತ ನಮ್ಮನ್ನ ಕತ್ತಲಲ್ಲಿ ಕೂರಿಸ್ತೀರಾ?” ಎಂದಳು ಚಿಕ್ಕಮ್ಮ.

‘ಕಣ್ಣಿನ ಡಾಕ್ಟ್ರಿ’ಗೂ ತಡೆಯಲಾಗಲಿಲ್ಲ. “ಸ್ವಲ್ಪ ದಿನ ಕೊಡಿ ಸರ್. ಕಿಂಡಿ ಹಾಗೇ ಇರ್ಲಿ, ಕಣ್ಣು ಸರಿ ಮಾಡ್ತೀನಿ.”

ಮೊದಲು ಕ್ಯಾಮೆರಾ ಒಳಬಿಡುವ ಬೆಳಕನ್ನು ತಗ್ಗಿಸಿದಳು. ಬಿಸಿಲಿನಲ್ಲಿ ಸರಿಹೋಯಿತು, ಮೋಡ ಅಡ್ಡ ಬಂದೊಡನೆ ರೋಬೋಟು ತಡಕಾಡತೊಡಗಿತು. ಬಿಸಿಲಿನಲ್ಲಿ ಎಲ್ಲ ಬಣ್ಣವೂ ಇದೆ, ಕ್ಯಾಮೆರಾಗೆ ಒಂದೇ ಸಾಕಲ್ಲ ಎಂದುಕೊಂಡು, ಲೆನ್ಸಿನ ಮುಂದೆ ಕೆಂಪನ್ನಷ್ಟೇ ಒಳಬಿಡುವ ಗಾಜು ಕೂರಿಸಿದಳು. ಚಿತ್ರ ತೆಗೆಯುವ ಕ್ಷಣಕ್ಕಷ್ಟೇ, ಬಿಸಿಲಿನ ಕೆಂಪನ್ನೂ ಮೀರಿಸುವಂತೆ ಜೋರಾಗಿ ಮಿಂಚುವ ಕೆಂಪು ದೀಪವನ್ನು ಮೇಲೆ ತೂಗುಹಾಕಿದಳು. ಬಿಸಿಲಿನ ಆಟ ಮುಗಿಯಿತು. ಆದರೆ ಈಗ ಆ ದೀಪದ ಪ್ರತಿಬಿಂಬವೇ ಪ್ರತಿ ಮುಚ್ಚಳದ ನಡುವೆ ಕೂತು ಹಲ್ಲು ಕಿರಿಯಿತು! ತಲೆ ಚಚ್ಚಿಕೊಂಡಳು. ಕೊನೆಗೆ ದೀಪವನ್ನು ಪಕ್ಕಕ್ಕೆ ಸರಿಸಿ, ಹೊಳಪು ಕ್ಯಾಮೆರಾದತ್ತ ಬಾರದಂತೆ ಓರೆಯಾಗಿ ಬಿಗಿದಳು.

ಪರೀಕ್ಷೆಯ ಮಧ್ಯಾಹ್ನ ಬಿಸಿಲು ಧಗಧಗಿಸುತ್ತಿತ್ತು. ಕೈಕಟ್ಟಿ ನಿಂತ ಮ್ಯಾನೇಜರ ಹಿಂದೆ ಪ್ಯಾಕಿಂಗಿನವರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಅವಳು ಗುಂಡಿ ಒತ್ತಿದಳು. ರೋಬೋಟಿನ ಕೈ ಇಳಿಯಿತು, ಮುಚ್ಚಳ ಹಿಡಿಯಿತು, ಪೆಟ್ಟಿಗೆಗಿಳಿಸಿತು. ಮತ್ತೊಂದು, ಮಗದೊಂದು. ಮೋಡ ಬಂತು, ಹೋಯಿತು. ಕೈ ಮಾತ್ರ ತಪ್ಪಲಿಲ್ಲ.

“ಭೇಷ್!” ಎಂದರು ಮ್ಯಾನೇಜರು. “ತಗಡಿನವನಿಗೆ ಬರ್ಬೇಡ ಅಂತ ಹೇಳಿ.”

ಚಪ್ಪಾಳೆ ತಟ್ಟಿದವರಲ್ಲಿ ಚಿಕ್ಕಮ್ಮನದೇ ಜೋರು.

ಸಂಜೆ ಬಸ್ಸಿನಲ್ಲಿ ಚಿಕ್ಕಮ್ಮ ಪಕ್ಕದ ಅಪರಿಚಿತ ಹೆಂಗಸಿಗೆ ಹೇಳುತ್ತಿದ್ದಳು: “ನಮ್ಮ ಹುಡುಗಿ ಇವತ್ತು ರೋಬೋಟಿಗೇ ಕೂಲಿಂಗ್ ಗ್ಲಾಸ್ ಹಾಕಿಬಿಟ್ಲು!”

“ಹಾಗಲ್ಲ ಚಿಕ್ಕಮ್ಮ, ಅದು...” ಎಂದು ತಿದ್ದಹೋದವಳು, ಆ ಮುಖದ ಹಿಗ್ಗು ನೋಡಿ ಬೆನ್ನು ನೆಟ್ಟಗೆ ಮಾಡಿ ಕೂತಳು.

“ಇವಳೇ ನೋಡಿ!” ಎಂದಳು ಚಿಕ್ಕಮ್ಮ, ಇಡೀ ಬಸ್ಸಿಗೆ ಕೇಳುವಂತೆ.