ಮಕಾರದ ಕೊಂಬು

ಪೊಳ್ಳಾಚಿಗೆ ಹೋಗಿ ಬರುತ್ತೇನೆಂದು ಬಸ್ಸು ಹತ್ತಿದ ಕುಪ್ಪುಸಾಮಿ ಇವತ್ತು ಬಂದಾನು, ನಾಳೆ ಬಂದಾನು ಅನ್ನುವುದರಲ್ಲೇ ಹನ್ನೆರಡು ವರ್ಷ ಕಳೆಯಿತು. ಸೂರತ್ತಿನ ಮಿಲ್ಲಿನಲ್ಲಿದ್ದಾನೆ ಅಂದವರುಂಟು, ಸತ್ತ ಅಂದವರುಂಟು, ಕಣ್ಣಾರೆ ಕಂಡವರು ಮಾತ್ರ ಯಾರೂ ಇಲ್ಲ. ಅವನ ಹೆಂಡತಿ ಬೆಳ್ಳಿಯಮ್ಮ ನೆಗಮಂನ ನೇಕಾರರ ಬೀದಿಯಲ್ಲಿ ಅಣ್ಣ ಕಂದಸಾಮಿಯ ಮನೆ ಸೇರಿದಳು. ರಾಟೆಯ ಮುಂದೆ ಕೂತು ನೂಲಿನ ಕಂಡಿಕೆ ಸುತ್ತುತ್ತ ಕಾದಳು. ದಿನಾ ಬೆಳಿಗ್ಗೆ ಒಂದು ಮೊಳ ಮಲ್ಲಿಗೆ ಮುಡಿಯುವುದನ್ನು ಮಾತ್ರ ತಪ್ಪಿಸಲಿಲ್ಲ. ಬೀದಿಯ ಬಾಯಿಗೆ ಬೀಗ ಉಂಟೇ? "ಯಾರ್ಗೋಸ್ಕರ ಈ ಪೂ?" ಅಂತ ಕೇಳಿಯೇ ಕೇಳುತ್ತಿದ್ದರು.

ಅವಳ ಜೀವ ನಿಂತಿದ್ದದ್ದು ಒಂದು ಕತೆಯ ಮೇಲೆ. ಸೀರೆ ವ್ಯಾಪಾರದ ರಾಜೇಂದ್ರನ್ ಮೈಸೂರಿಗೆ ಹೋದಾಗಲೆಲ್ಲ ಆ ಕನ್ನಡ ಕಾದಂಬರಿಯ ಒಂದೊಂದು ಭಾಗ ತರುತ್ತಿದ್ದ. ಶಾಪ ತಗಲಿ ಮಾಯವಾದ ಗಂಧರ್ವ, ಅವನಿಗಾಗಿ ಕಾಯುವ ಸುವರ್ಣೆ, ನಡುನಡುವೆ ಮಾತಾಡುವ ಹಂಸಗಳು. ಬೀದಿಯಲ್ಲಿ ಎಲ್ಲರ ಮನೆಮಾತೂ ಕನ್ನಡವೇ, ಓದಲು ಬರುವುದು ಮಾತ್ರ ತಮಿಳು. ಕನ್ನಡ ಅಕ್ಷರ ಬಲ್ಲವರು ನಂಜಪ್ಪನ್ ತಾತ ಒಬ್ಬರೇ, ಅವರ ಕಣ್ಣಿಗೋ ಪೊರೆ. ಆದರೂ ಮಧ್ಯಾಹ್ನ ಮಗ್ಗಗಳ ಸದ್ದು ನಿಂತಾಗ ಅವರು ಜಗಲಿಯಲ್ಲಿ ಕೂತು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರೆ, ಸುತ್ತ ಕೂತವರಿಗೆ ಊಟದ ನೆನಪಿರುತ್ತಿರಲಿಲ್ಲ.

ಆ ವರ್ಷ ಕಂದಸಾಮಿಯ ಮಗಳಿಗೆ ಗಂಡು ಗೊತ್ತಾಯಿತು. ಬೀಗರು ಪಟ್ಟು ಹಿಡಿದರು: ಮುತ್ತೈದೆಯೋ ವಿಧವೆಯೋ ತಿಳಿಯದವಳನ್ನು ಮನೆಯಲ್ಲಿಟ್ಟುಕೊಂಡು ಶುಭಕಾರ್ಯ ಹೇಗೆ? ಹನ್ನೆರಡು ವರ್ಷ ಕಳೆಯಿತಲ್ಲ, ಹೋದವನ ಕರ್ಮ ಮಾಡಿ ತಾಳಿ ತೆಗೆಸಿಬಿಡಿ.

"ಕೋವಿಲಲ್ಲಿ ಪೂ ಕೇಳಿ ನೋಡಣಾ, ಬೆಳ್ಳಿ," ಎಂದ ಕಂದಸಾಮಿ. ದೇವರ ಮುಂದೆ ಕಟ್ಟಿಟ್ಟ ಪೊಟ್ಟಣ ಬಿಚ್ಚಿದಾಗ ಬಿಳಿ ಹೂ ಬಂದರೆ ಹೌದು, ಕೆಂಪು ಬಂದರೆ ಇಲ್ಲ. ಆ ಸೀಮೆಯಲ್ಲಿ ದೇವರು ಮಾತಾಡುವುದೇ ಹಾಗೆ.

"ಕೋವಿಲ್ ಬೇಡಣ್ಣಾ. ಕಡೇ ಬುಕ್ ಬರ್ಲಿ. ಅದ್ರಲ್ಲಿ ಅವ್ರಿಬ್ರೂ ಸೇರಿದ್ರೆ ನಾನೂ ಕಾಯ್ತೀನಿ. ಇಲ್ದಿದ್ರೆ ನೀನ್ ಹೇಳ್ದಂಗೆ."

ಹುಚ್ಚು ಮುಂಡೇದು! ಯಾವನೋ ಮಹಾರಾಯ ಹೊಟ್ಟೆಪಾಡಿಗೆ ಹೆಣೆದ ಕತೆಗೆ ತನ್ನ ಕುತ್ತಿಗೆಯನ್ನೇ ಕೊಟ್ಟಳಲ್ಲ! ಕಂದಸಾಮಿ ಹೂಂ ಅಂದ.

ಕಡೆಯ ಭಾಗ ಬಂತು. ಕೊನೆಯ ಪುಟಕ್ಕೆ ಬಂದಾಗ ತಾತ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದಿದರು: "ಗಂಧರ್ವ ಕಳಿಸಿದ ಹೂವನ್ನು ಕಣ್ಣಿಗೊತ್ತಿಕೊಂಡು ಸುವರ್ಣೆ... ಮ... ಮಡಿದಳು. ಅಷ್ಟರಲ್ಲಿ ಬಾಗಿಲಲ್ಲಿ ಹೆಜ್ಜೆ ಸಪ್ಪಳವಾಯಿತು." ಅಷ್ಟೇ, ಮುಂದೆ ಹಾಳೆಯಿಲ್ಲ.

"ಮಡಿದಳು ಅಂದ್ರೆ ಏನ್ ತಾತಾ?" ಬೆಳ್ಳಿಯಮ್ಮ ಕೇಳಿದಳು.

"ಸತ್ತೋದ್ಳಮ್ಮಾ."

ಜಗಲಿಗೆ ಜಗಲಿಯೇ ರೇಗಿ ಎದ್ದಿತು. "ಸತ್ ಮೇಲೆ ಬಂದಿದ್ದು ಯಾಕೆ, ಬಾಯ್ಗೆ ಅಕ್ಕಿ ಹಾಕಕ್ಕಾ?" ಅಂದಳು ಪಕ್ಕದ ಮನೆ ಸಾಮಿಯಾತಾಳ್. ಮಗ್ಗದ ಸುಬ್ಬಯ್ಯನ್ ಟವಲು ಕೊಡವಿ ಎದ್ದ. "ಏಳ್ ಬುಕ್ಕು ಎಳ್ದೂ ಎಳ್ದೂ ಕಡೇಲಿ ಕೊಂದಾಕ್ದ, ಪಾವಿ! ಆ ಹಂಸದ್ ಬುಕ್ಕಲ್ಲೇ ನಿಲ್ಸಿದ್ರೆ ಅವನ್ ಗಂಟೇನು ಹೋಗ್ತಿತ್ತು?" ಯಾರೋ ಅತ್ತರು, ಯಾರೋ ಬರೆದವನ ವಂಶಕ್ಕೇ ಶಾಪ ಹಾಕಿದರು. ಬೆಳ್ಳಿಯಮ್ಮ ಎದ್ದಳು. ಒಳಗೆ ಹೋಗಿ ಅರ್ಧಕ್ಕೆ ಬಿಟ್ಟಿದ್ದ ಕಂಡಿಕೆ ಸುತ್ತಿ ಮುಗಿಸಿದಳು. ಆಮೇಲೆ ಅಣ್ಣನ ಮುಂದೆ ಹೋಗಿ ನಿಂತಳು.

ಅಮಾವಾಸ್ಯೆಯ ದಿನ ಬಾವಿಯ ಹತ್ತಿರ ಬಳೆ ಒಡೆದರು, ತಾಳಿ ತೆಗೆದರು, ಕೊನೆಗೆ ತಲೆಯಿಂದ ಹೂವನ್ನೂ. ತಾಳಿ ಹೋದಾಗ ಕಲ್ಲಿನಂತೆ ಕೂತಿದ್ದವಳು ಹೂ ಕೀಳುವಾಗ ಎರಡೂ ಕೈಯಿಂದ ತುರುಬು ಮುಚ್ಚಿಕೊಂಡು ಗೋಳೋ ಎಂದು ಅತ್ತಳು. ನೋಡಲಾರದೆ ಕಂದಸಾಮಿ ತೆಂಗಿನ ಮರಕ್ಕೆ ಮುಖ ಮಾಡಿ ನಿಂತ.

ಮನೆಯ ಮದುವೆ ಮುಗಿಯಿತು. ಅದಾದ ಮೇಲೆ ರಾಜೇಂದ್ರನ್ ಕೂಡ ಮೈಸೂರು ಕಡೆಯ ಹೆಣ್ಣನ್ನು ಮದುವೆಯಾಗಿ ಬಂದ. ಹೊಸ ಸೊಸೆ ಜಾನಕಿಯಮ್ಮನಿಗೆ ಓದುವ ಹುಚ್ಚು. ತಾತನಿಂದ ಆ ಪುಸ್ತಕ ಇಸಿದುಕೊಂಡು ಹೋದವಳು ಮಾರನೆಯ ದಿನ ಜಗಲಿಗೆ ಬಂದಳು.

"ಮಡಿದಳು ಅಲ್ಲ ತಾತ, ಮುಡಿದಳು. ನೋಡಿ, ಮಕಾರಕ್ಕೆ ಕೊಂಬಿದೆ. ಹೂ ಮುಡ್ಕೊಂಡ್ಳು, ಅಷ್ಟರಲ್ಲಿ ಅವನು ಬಂದ."

ತಾತ ಹಣೆ ಹಣೆ ಚಚ್ಚಿಕೊಂಡರು. ಬೀದಿಯವರ ನಾಲಿಗೆ ಮಾತ್ರ ಒಂದೇ ಗಳಿಗೆಯಲ್ಲಿ ಹೊರಳಿತು. "ಅಡಡಾ, ಎಂತಾ ಮುಡಿವು! ಕತೆ ಮುಗ್ಸಿದ್ರೆ ಹಿಂಗ್ ಮುಗಿಸ್ಬೇಕು!" ಎಂದವಳು ಅದೇ ಸಾಮಿಯಾತಾಳ್. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿಯ ಕಣ್ಣೇ ಕೊಡಲಿಲ್ಲ.

ಏನೂ ಅರಿಯದ ಜಾನಕಿಯಮ್ಮ ಬೆಳ್ಳಿಯಮ್ಮನಿಗೂ ತೋರಿಸಲು ಪುಸ್ತಕ ತಂದಳು. ಬೆಳ್ಳಿಯಮ್ಮ ರಾಟೆ ನಿಲ್ಲಿಸಿ, ಆ ಅಕ್ಷರದ ಬಾಲವನ್ನು ಬೆರಳಿನಿಂದ ಮುಟ್ಟಿದಳು.

"ಇಷ್ಟೇನಾ?" ಅಂದಳು. "ಇಷ್ಟ್ ಚಿಕ್ದಾ?" ಪುಸ್ತಕ ಮುಚ್ಚಿ ಅವಳ ಕೈಗಿಟ್ಟು, "ಹೋಗ್ಲಿಮ್ಮಾ. ಅವ್ಳು ಮುಡಿದ್ಳು. ನಂಗೆ ಮುಡಿಞ್ಜೋಯ್ತು."

ತಮಿಳು ಬೆರೆತ ಆ ಬೀದಿಯ ಬಾಯಲ್ಲಿ ಮುಡಿಯುವುದೆಂದರೆ ಮುಗಿಯುವುದೂ ಹೌದು. ಜಾನಕಿಯಮ್ಮನಿಗೆ ಅದು ತಿಳಿಯಲಿಲ್ಲ. ಅವಳು ನಕ್ಕಳು.

ಅಷ್ಟರಲ್ಲಿ ಬಾಗಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ಬೆಳ್ಳಿಯಮ್ಮ ತಲೆಯೆತ್ತಿದಳು. ಹೂ ಮಾರುವ ಅಂಗಮ್ಮ ಹಳೇ ರೂಢಿಯ ಮೇಲೆ ಬುಟ್ಟಿ ಇಳಿಸಲು ಹೊರಟವಳು, ಇವಳನ್ನು ಕಂಡು ನಾಲಿಗೆ ಕಚ್ಚಿಕೊಂಡು ಮುಂದಿನ ಮನೆಗೆ ಹೋದಳು.