ದೊಡ್ಡಪ್ಪನ ಕಡೆಗೆ ಹೋಗುತ್ತಿದ್ದ ಸದ್ದು

ಮದ್ದೂರಿನ ನಮ್ಮ ಮನೆಯನ್ನು ಅಪ್ಪ, ದೊಡ್ಡಪ್ಪ ಭಾಗ ಮಾಡಿಕೊಂಡಾಗ ನಡುವೆ ಎದ್ದ ಗೋಡೆ ಹೆಂಚಿನವರೆಗೆ ಹೋಗಿರಲಿಲ್ಲ. ಮೇಲೆ ಒಂದು ಮೊಳದಷ್ಟು ಸಂದು ಉಳಿದಿತ್ತು. ಅಮ್ಮ, ದೊಡ್ಡಮ್ಮ ದಿನವೂ ಮಾತಾಡುತ್ತಿದ್ದದ್ದು ಆ ಸಂದಿನಲ್ಲಿ. ಸ್ಟೂಲು ಹತ್ತಿ ಸಾರಿನ ಬಟ್ಟಲನ್ನೂ ದಾಟಿಸುತ್ತಿದ್ದರು. ಗಂಡಸರು ಮಾತ್ರ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯುತ್ತಿರಲಿಲ್ಲ.

ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ಕಾಲ, ಎಪ್ಪತ್ತರ ದಶಕದ ನಡುವೆ ಎಲ್ಲೋ. ಶನಿವಾರ ಊರಿಗೆ ಬಂದಾಗ ನಾನೇ ಕಂಡದ್ದು ಯಾವುದು, ಅಮ್ಮ ಆಮೇಲೆ ಹೇಳಿದ್ದು ಯಾವುದು ಎಂದು ಈಗ ಬಿಡಿಸಲು ನನಗೆ ಧೈರ್ಯವಿಲ್ಲ.

ಅಪ್ಪ ಹೈಸ್ಕೂಲು ಮೇಷ್ಟ್ರು, ಚಿಕ್ಕಂದಿನಲ್ಲಿ ಸ್ವಲ್ಪ ಮೃದಂಗ ಕಲಿತಿದ್ದವರು. ಮಂಡ್ಯದಲ್ಲಿ ಕೊಂಡ ರೆಕಾರ್ಡ್ ಪ್ಲೇಯರಿನ ಎರಡು ಸಣ್ಣ ಸ್ಪೀಕರುಗಳಲ್ಲಿ ಪಿಟೀಲು ಚೆನ್ನಾಗಿ ಕೇಳುತ್ತಿತ್ತು. ಮೃದಂಗದ ಬಲಮುಖವೂ ಕೇಳುತ್ತಿತ್ತು. ಎಡಮುಖದ ತಗ್ಗು ದನಿಯ ಗುಮ್ಕಿ ಮಾತ್ರ ಇರಲಿಲ್ಲ. ಒಂಟಿಕೈಯವನು ಬಾರಿಸಿದಂತಿದೆ ಎಂದು ಅಪ್ಪ ಗೊಣಗುತ್ತಿದ್ದರು. ಕೊನೆಗೆ ಮಳವಳ್ಳಿಯ ಮೈಕ್‌ಸೆಟ್ ಅಂಗಡಿಯಿಂದ ಹಳೆಯದೊಂದು ದೊಡ್ಡ ಸ್ಪೀಕರು ತಂದರು. ಬಡಗಿಯಿಂದ ಪೆಟ್ಟಿಗೆ ಮಾಡಿಸಿ, ತಗ್ಗು ಸದ್ದಷ್ಟೇ ಅದಕ್ಕೆ ಹೋಗುವಂತೆ ತಂತಿಯ ಸುರುಳಿ ಹಾಕಿಸಿ, ಪಾಲಿನ ಗೋಡೆಯ ಮೂಲೆಯಲ್ಲಿ ಇಟ್ಟರು.

ಕುರ್ಚಿಯಲ್ಲಿ ಕೂತು ಕೇಳಿದರೆ ಏನೂ ಬದಲಾಗಿರಲಿಲ್ಲ.

ಅಂಗಡಿಯವನು ಹರಿದ ಸ್ಪೀಕರಿಗೆ ಕಾಗದ ಅಂಟಿಸಿ ಕೊಟ್ಟಿದ್ದಾನೆ ಎಂದು ಅಪ್ಪ ತೀರ್ಮಾನಿಸಿದರು. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಿ ಮಳವಳ್ಳಿಗೆ ಒಯ್ದರು. ಅಲ್ಲಿ ಅದು ಅಂಗಡಿಯ ಬಾಗಿಲು ಅದುರುವಂತೆ ಗುಮ್ಮೆಂದಿತು. ಮನೆಗೆ ತಂದರೆ ಮತ್ತೆ ಮೂಕ. ತಾನು ಅತ್ತ ತಿರುಗಿದಾಗ ಅವನು ಬೇರೇನೋ ಜೋಡಿಸಿದ್ದಾನೆ ಎಂಬ ಅನುಮಾನ ಅಪ್ಪನಿಗೆ ಹುಟ್ಟಿತು.

ಗೋಡೆಯಾಚೆ ಬೇರೆಯದೇ ಅನುಮಾನ. ಅಪ್ಪ ರೆಕಾರ್ಡ್ ಹಾಕಿದಾಗಲೆಲ್ಲ ದೊಡ್ಡಮ್ಮನ ಅಡಿಗೆಮನೆಯಲ್ಲಿ ಹಿತ್ತಾಳೆ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ತಮ್ಮ ಬೇಕೆಂದೇ ಮೂಲೆಗೆ ಯಂತ್ರ ಇಟ್ಟಿದ್ದಾನೆ, ಗೋಡೆ ಸಡಿಲ ಮಾಡುವ ಉಪಾಯ ಇದು ಎಂದು ದೊಡ್ಡಪ್ಪ ನಂಬಿದರು. ಒಂದು ಶನಿವಾರ ನಾನು ಬಂದಾಗ ಹಿತ್ತಲಲ್ಲಿ ಇಟ್ಟಿಗೆಯ ರಾಶಿ ಬಿದ್ದಿತ್ತು. ದೊಡ್ಡಪ್ಪ ಗೋಡೆಯನ್ನು ಹೆಂಚಿಗೆ ಮುಟ್ಟಿಸುತ್ತಾರಂತೆ. ಅಮ್ಮ ಅಂದು ಊಟ ಮಾಡಲಿಲ್ಲ. ದೊಡ್ಡಮ್ಮನ ಮಾತಿಲ್ಲದೆ ಈ ಮನೆಯಲ್ಲಿ ತಾನು ಹೇಗಿರಲಿ ಎಂದಷ್ಟೇ ಕೇಳಿದಳು.

ಮರುದಿನ ಮಧ್ಯಾಹ್ನ, ಓಡುತ್ತಿದ್ದ ರೆಕಾರ್ಡನ್ನು ಹಾಗೇ ಬಿಟ್ಟು ಅಪ್ಪ ಜಗಳಕ್ಕೆಂದು ಆಚೆ ಮನೆಗೆ ಹೋದರು. ನಾನು ಹಿಂದೆ ಹೋದೆ. ಅಡಿಗೆಮನೆಯ ಬಾಗಿಲಲ್ಲಿ ಅಪ್ಪ ತಟ್ಟನೆ ನಿಂತುಬಿಟ್ಟರು. ಅವರು ಹುಡುಕುತ್ತಿದ್ದ ಎಡಮುಖದ ಸದ್ದು ಪೂರ್ತಿ ಅಲ್ಲಿತ್ತು.

"ಗ್ವಾಡೆ ಅಳತೆ ಮಾಡಾಕ್ ಬಂದ್ಯೇನ್ಲಾ?" ಎಂದರು ದೊಡ್ಡಪ್ಪ.

"ಸುಮ್ಕಿರಣ್ಣ, ಕೇಳ್ಬೇಕು. ನಮ್ ಕಡೆ ಇದು ಕೇಳಾಕೇ ಇಲ್ಲ."

ದೊಡ್ಡಪ್ಪ ನಂಬಲಿಲ್ಲ. ನೇರ ನಮ್ಮ ಮನೆಗೆ ಬಂದು ಅಪ್ಪನ ಕುರ್ಚಿಯಲ್ಲಿ ಕೂತರು. ತಲೆಯನ್ನು ಅತ್ತಿತ್ತ ವಾಲಿಸಿದರು. ಎಡಮುಖದ ಸದ್ದಿಲ್ಲ. ಅದರಿಂದ ಅವರ ಸಂಶಯ ಇನ್ನೂ ಬಲವಾಯಿತು: ತನಗೆ ಕೇಳದ ಸದ್ದನ್ನು ಅಣ್ಣನ ಮನೆಗೆ ಕಳಿಸುವವನು ಎಂಥವನು?

"ಅಂಗಾರೆ ಆ ಪೆಟ್ಗೆನ ನಿನ್ ಕುರ್ಚಿ ಮ್ಯಾಲೇ ಮಡೀಕೊ" ಎಂದರು. "ಎಲ್ಗೋಯ್ತದೋ ನಾನೇ ನೋಡ್ತೀನಿ."

ಅಪ್ಪ ಪೆಟ್ಟಿಗೆಯನ್ನು ಕುರ್ಚಿಯ ಮೇಲೆ ಎತ್ತಿಟ್ಟರು. ದೊಡ್ಡಪ್ಪ ಕಳ್ಳನನ್ನು ಹುಡುಕುವವರಂತೆ ಬಗ್ಗಿ, ಗೋಡೆಗೋಡೆಗೆ ಕಿವಿ ಕೊಟ್ಟು ಮನೆ ಸುತ್ತಿದರು. ದೇವರಗೂಡಿನ ಕೆಳಗೆ ನಿಂತರು.

"ಇಲ್ಲಿ ಅವಿತ್ಕೊಂಡದೆ ಕಣ್ಲಾ."

ಪೆಟ್ಟಿಗೆಯನ್ನು ಅಲ್ಲಿಗೆ ಸರಿಸಿ, ಅಪ್ಪ ಕುರ್ಚಿಯಲ್ಲಿ ಕೂತರು. ಎಡಮುಖ ಬಂತು. ಎಲ್ಲಿಂದ ಬಂತೆಂದು ತೋರಿಸಲಾಗದಂತೆ, ಸಣ್ಣ ಸ್ಪೀಕರುಗಳೇ ನುಡಿದಂತೆ ಬಂತು. ಸಂದಿನಾಚೆಯಿಂದ ದೊಡ್ಡಮ್ಮ, ಪಾತ್ರೆಗಳು ಸುಮ್ಮನಾದವು ಎಂದಳು. ತಗ್ಗು ಸದ್ದು ಒಂದೆಡೆ ಗುಡ್ಡೆಯಾಗಿ ಇನ್ನೊಂದೆಡೆ ಇಲ್ಲವಾಗುತ್ತದೆ, ಪೆಟ್ಟಿಗೆ ಮತ್ತು ಕಿವಿ ಜಾಗ ಅದಲುಬದಲು ಮಾಡಿಕೊಂಡರೂ ಲೆಕ್ಕ ಅದೇ ಎಂದು ನಾನು ಓದಿದ್ದು ಬಹಳ ಕಾಲದ ಮೇಲೆ. ಅಂದು ಅಪ್ಪ, ಅಣ್ಣನಿಗೆ ಇದು ಮೊದಲೇ ಗೊತ್ತಿತ್ತೇ ಎಂದು ಅನುಮಾನಿಸಿದರು.

ಗೋಡೆ ಏಳಲಿಲ್ಲ. ಏಳಿಸುವುದಿಲ್ಲ ಎಂದು ದೊಡ್ಡಪ್ಪ ಹೇಳಲೂ ಇಲ್ಲ. ಇಟ್ಟಿಗೆ ಹಿತ್ತಲಲ್ಲೇ ಇತ್ತು. ಪೆಟ್ಟಿಗೆಯ ಸುತ್ತ ಅವರು ಸುಣ್ಣದಲ್ಲಿ ಗೆರೆ ಎಳೆದರು. ಭಾನುವಾರ ಭಾನುವಾರ ಬಂದು, ಅದು ಗೆರೆ ದಾಟಿಲ್ಲವೆಂದು ನೋಡಿ, ರೆಕಾರ್ಡ್ ಮುಗಿಯುವವರೆಗೆ ಗೋಡೆಗೊರಗಿ ಕೂರುತ್ತಿದ್ದರು. ಕಾವಲಿಗೆ ಎಂದೇ ಅವರ ಮಾತು.

ಒಮ್ಮೆ ಅಮ್ಮ ಕಸ ಗುಡಿಸುವಾಗ ಪೆಟ್ಟಿಗೆ ಗೆರೆಯಿಂದ ಆಚೆ ಸರಿದಿತ್ತು. ದೊಡ್ಡಪ್ಪ ಬಂದರು, ನೋಡಿದರು. ಅಪ್ಪ ಒಳಗಿದ್ದರು. ದೊಡ್ಡಪ್ಪ ಸದ್ದಾಗದಂತೆ ಕಾಲಿನಿಂದ ಅದನ್ನು ಗೆರೆಯೊಳಕ್ಕೆ ತಳ್ಳಿ, ಎಂದಿನಂತೆ ಗೋಡೆಗೊರಗಿ ಕೂತರು. ಇದನ್ನು ನಾನೇ ಕಂಡೆ ಎಂದುಕೊಂಡಿದ್ದೇನೆ.